ಸಂತ ಬಖಿತಾ ಅವರಿಗೆ ಬಿಡುಗಡೆ ದೊರೆತದ್ದು ಹೇಗೆ?

ಪ್ರಶ್ನೆ: ಗುಲಾಮಳಾಗಿದ್ದು ಮುಂದೆ ಸಂತಳಾದ ಜೋಸೆಫಿನ್ ಬಖಿತಾ ಅವರನ್ನು ಇಟಲಿಯ ಕಾನ್ವೆಂಟಿನವರು ಹಣ ಕೊಟ್ಟು ಬಿಡಿಸಿದರೆಂದು ಕೇಳಿದ್ದೇನೆ. ಇದು ನಿಜವೇ? ಅಡುಗೆ ಮಾಡಿಕೊಂಡು, ಬಾಗಿಲು ಕಾಯುತ್ತ ಬಾಳಿದವರಿಗೆ ಸಂತ ಪದವಿ ದೊರೆತದ್ದಾದರೂ ಹೇಗೆ?

ಉತ್ತರ: ಹಣ ಕೊಟ್ಟು ಬಿಡಿಸಿದರೆಂಬುದು ಸರಿಯಲ್ಲ. ಅವರ ಬಿಡುಗಡೆ ನ್ಯಾಯಾಲಯದ ತೀರ್ಪಿನಿಂದ ಆದದ್ದು, ಆ ತೀರ್ಪಿಗೆ ದಾರಿ ಮಾಡಿದ್ದು ಅವರೇ ಗಟ್ಟಿಯಾಗಿ ಆಡಿದ ‘ನಾನು ಬರುವುದಿಲ್ಲ’ ಎಂಬ ಮಾತು.

ಸುಡಾನಿನ ಡಾರ್ಫುರ್ ಪ್ರಾಂತದಲ್ಲಿ ಸುಮಾರು 1869ರಲ್ಲಿ ಹುಟ್ಟಿದ ಅವರನ್ನು ಗುಲಾಮರ ವ್ಯಾಪಾರಿಗಳು ಬಾಲ್ಯದಲ್ಲೇ ಹೊತ್ತೊಯ್ದರು. ಆ ಭಯದಲ್ಲಿ ಹೆತ್ತವರು ಇಟ್ಟ ಹೆಸರೇ ಮಗುವಿಗೆ ಮರೆತುಹೋಯಿತು. ಬಖಿತಾ ಎಂಬುದು ಅಪಹರಿಸಿದವರು ಕೊಟ್ಟ ಹೆಸರು. ಕೈಯಿಂದ ಕೈಗೆ ಮಾರಾಟವಾಗುತ್ತ ಒಬ್ಬ ತುರ್ಕಿ ಸೇನಾಧಿಕಾರಿಯ ಮನೆ ಸೇರಿದಾಗ ಅನುಭವಿಸಿದ್ದನ್ನು ಅವರು ಮುಂದೆ ಹೇಳಿ ಬರೆಯಿಸಿದ್ದಾರೆ. ಮೈಮೇಲೆ ಹಿಟ್ಟಿನಿಂದ ಗೆರೆಗಳನ್ನು ಎಳೆದು, ಆ ಗೆರೆಗುಂಟ ಕ್ಷೌರದ ಕತ್ತಿಯಿಂದ ಸೀಳಿ, ಗುರುತು ಅಳಿಯಬಾರದೆಂದು ಗಾಯಕ್ಕೆ ಉಪ್ಪು ತಿಕ್ಕಿದರು. ಅಂಥ 114 ಗಾಯದ ಕಲೆಗಳನ್ನು ಅವರು ಕೊನೆಯವರೆಗೂ ಹೊತ್ತಿದ್ದರು.

1883ರಲ್ಲಿ ಖಾರ್ಟೂಮಿನಲ್ಲಿ ಇಟಲಿಯ ರಾಜತಾಂತ್ರಿಕ ಕಲಿಸ್ತೊ ಲೆನ್ಯಾನಿ ಬಖಿತಾ ಅವರನ್ನು ಕೊಂಡುಕೊಂಡರು. ಹೊಡೆತವಿಲ್ಲದ ಮೊದಲ ಮನೆ ಅದು. ಸುಡಾನಿನ ಬಂಡಾಯದ ನಾಯಕ ಮಹ್ದಿಯ ಸೈನ್ಯ ಹತ್ತಿರವಾದಾಗ ಲೆನ್ಯಾನಿ ಊರು ಬಿಟ್ಟರು. 1885ರಲ್ಲಿ ಇಟಲಿ ತಲುಪಿದ ಬಖಿತಾ ಅಲ್ಲಿ ಮಿಕಿಯೇಲಿ ಎಂಬ ಕುಟುಂಬಕ್ಕೆ ದಾನವಾಗಿ ಹೋದರು. ಒಳ್ಳೆಯ ಮನೆಯಾದರೂ ಅವರು ಒಡೆಯರ ಸ್ವತ್ತಾಗಿಯೇ ಉಳಿದಿದ್ದರು ಎಂಬುದನ್ನು ಮರೆಯಬಾರದು. ಸುಡಾನಿನ ವ್ಯವಹಾರಕ್ಕಾಗಿ ಹೊರಟ ಆ ಕುಟುಂಬ ತಮ್ಮ ಪುಟ್ಟ ಮಗಳನ್ನೂ ಅವಳನ್ನು ನೋಡಿಕೊಳ್ಳುತ್ತಿದ್ದ ಬಖಿತಾ ಅವರನ್ನೂ 1888ರಲ್ಲಿ ವೆನಿಸ್ಸಿನ ಕನೋಸಿಯನ್ ಎಂಬ ಸನ್ಯಾಸಿನಿ ಸಂಘದ ಧರ್ಮಭಗಿನಿಯರ ಬಳಿ ಬಿಟ್ಟಿತು. ಬಾಲ್ಯದಿಂದಲೂ ಸೂರ್ಯಚಂದ್ರರನ್ನು ಕಂಡು ಇವೆಲ್ಲದರ ಒಡೆಯನಾರು ಎಂದು ಬೆರಗಾಗುತ್ತಿದ್ದ ಅವರಿಗೆ ದೇವರ ಪರಿಚಯ ದೊರೆತದ್ದು ಅಲ್ಲಿಯೇ.

ಯಜಮಾನಿ ಮರಳಿ ಬಂದು ಕರೆದಾಗ ಬಖಿತಾ ಹೊರಡಲು ಒಪ್ಪಲಿಲ್ಲ. ಬೇಡಿಕೆಗೂ ಬೆದರಿಕೆಗೂ ಬಗ್ಗಲಿಲ್ಲ. ಮಠದ ಹಿರಿಯರು, ವೆನಿಸ್ಸಿನ ಧರ್ಮಾಧ್ಯಕ್ಷರು ಮತ್ತು ಸರ್ಕಾರಿ ಅಧಿಕಾರಿಗಳು ಅವರ ಬೆಂಬಲಕ್ಕೆ ನಿಂತರು. ಇಟಲಿಯ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡದ ಕಾರಣ ಅವರು ಯಾರ ಸ್ವತ್ತೂ ಅಲ್ಲವೆಂದು 1889ರ ನವೆಂಬರ್ 29ರಂದು ನ್ಯಾಯಾಲಯ ಘೋಷಿಸಿತು. ತಮಗೆ ಬೇಕಾದಲ್ಲಿ ಇರುವ ಹಕ್ಕು ಬಂದ ಕೂಡಲೇ ಅವರು ಮಠವನ್ನೇ ಆರಿಸಿಕೊಂಡರು. 1890ರ ಜನವರಿ 9ರಂದು ಕ್ರೈಸ್ತರಾಗುವ ದೀಕ್ಷಾಸ್ನಾನ, 1896ರ ಡಿಸೆಂಬರ್ 8ರಂದು ಧರ್ಮಭಗಿನಿಯಾಗಿ ವ್ರತಸ್ವೀಕಾರ. ವಿಧೇಯತೆಯ ವ್ರತ ತೊಟ್ಟವರ ಬಗ್ಗೆ ಮಾತನಾಡುವಾಗ ನಾವು ಈ ನಿರಾಕರಣೆಯನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನನ್ನ ದೃಷ್ಟಿಯಲ್ಲಿ ಅವರ ಪಾವಿತ್ರ್ಯದ ಬೇರು ಇರುವುದೇ ಇಲ್ಲಿ, ಏಕೆಂದರೆ ಬಲವಂತದ ಸೇವೆಯನ್ನು ತಿರಸ್ಕರಿಸಿದ ಮೇಲೆ ಅವರು ಮಾಡಿದ ಸೇವೆಯೆಲ್ಲ ಸ್ವಂತ ಇಚ್ಛೆಯದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 1902ರಿಂದ ಸ್ಕಿಯೊ ಎಂಬ ಪಟ್ಟಣದಲ್ಲಿ ಅವರು ಅಡುಗೆ, ಕಸೂತಿ, ಪೂಜಾಸಾಮಗ್ರಿಗಳ ಉಸ್ತುವಾರಿ ಮತ್ತು ಬಾಗಿಲು ಕಾಯುವ ಕೆಲಸ ಮಾಡಿದರು. ಸಂತ ಪದವಿಗೆ ಕೆಲಸದ ಹಿರಿಮೆ ಅಳತೆಗೋಲಲ್ಲ. ವಿಶ್ವಾಸ, ಭರವಸೆ, ಪ್ರೀತಿಗಳನ್ನು ಅಸಾಧಾರಣವಾಗಿ ಬಾಳಿದರೇ ಎಂಬುದನ್ನು ಧರ್ಮಸಭೆ ಸಾಕ್ಷಿಗಳ ಮೂಲಕ ಪರಿಶೀಲಿಸುತ್ತದೆ. ತಮ್ಮನ್ನು ಅಪಹರಿಸಿದವರು ಎದುರಾದರೆ ಮಂಡಿಯೂರಿ ಅವರ ಕೈಗಳಿಗೆ ಮುತ್ತಿಡುವೆನೆಂದು ಹೇಳುತ್ತಿದ್ದ ಈ ಹೆಣ್ಣುಮಗಳನ್ನು ಊರಿನವರು ಬದುಕಿದ್ದಾಗಲೇ ಸಂತಳೆಂದು ಭಾವಿಸಿದ್ದರು. 1947ರ ಫೆಬ್ರವರಿ 8ರಂದು ಅವರು ತೀರಿಕೊಂಡರು. ಆ ಬಳಿಕ ಭಕ್ತರು ಅವರಲ್ಲಿ ಮೊರೆಯಿಟ್ಟು ಪಡೆದರೆನ್ನಲಾದ ಗುಣಮುಖತೆಗಳ ಪರಿಶೀಲನೆಯ ಬಳಿಕ ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಪುನೀತರೆಂದೂ (ಇದು ಸಂತ ಪದವಿಗೆ ಮುಂಚಿನ ಹಂತ), 2000ದ ಅಕ್ಟೋಬರ್ 1ರಂದು ಸಂತರೆಂದೂ ಸಾರಿದರು. ಅವರ ಹಬ್ಬದ ದಿನವಾದ ಫೆಬ್ರವರಿ 8ನ್ನು 2015ರಿಂದ ಕಥೋಲಿಕ ಧರ್ಮಸಭೆಯು ಮಾನವ ಕಳ್ಳಸಾಗಣೆಯ ವಿರುದ್ಧದ ಪ್ರಾರ್ಥನಾ ದಿನವಾಗಿ ಆಚರಿಸುತ್ತಿದೆ.