ಆರ್‌ಬಿಸಿ ಮುಂದೆ ಕೆಂಪು 'ಎಚ್' ಬಂದಿದೆ ಅಂದ್ರಲ್ಲ

ಅಮೆರಿಕದ ಡೆನ್ವರ್‌ಗೆ ಬಂದು ಮೂರು ತಿಂಗಳಾಯ್ತು, ಮನೆ ಕೆಲಸ ಎಲ್ಲ ಒಂದು ಹದಕ್ಕೆ ಬಂತು, ಆದ್ರೆ ಇಲ್ಲಿ ಮಾಡ್ಸಿದ ಮೊದಲ್ನೇ ಬ್ಲಡ್ ಟೆಸ್ಟಲ್ಲೇ ಆರ್‌ಬಿಸಿ (ಕೆಂಪು ರಕ್ತಕಣದ ಲೆಕ್ಕ) 6.2 ಬಂದು ಮುಂದೆ ಕೆಂಪು 'ಎಚ್', ಅಂದ್ರೆ ಹೈ, ಅಂತ ಬಂದಿದೆ, ಈ ಊರು ಎತ್ತರದಲ್ಲಿರೋದಕ್ಕಾ ಅಂತ ಕೇಳಿದೀರ. ಇಲ್ಲಿ ಡಾಕ್ಟರ್ ನೋಡೋಕ್ ಮುಂಚೆನೇ ರಿಪೋರ್ಟು ನಮ್ಮ ಫೋನಿಗೆ ಬಂದ್ಬಿಡತ್ತೆ, ರಾತ್ರಿಯೆಲ್ಲ ಗೂಗಲ್ ಮಾಡ್ಕೊಂಡು ಕೂತ್ರೆ ನಿದ್ದೆ ಕೆಡತ್ತೆ ಅಷ್ಟೇ.

ಎತ್ತರದ್ದೂ ಸ್ವಲ್ಪ ಪಾಲಿದೆ. ಸುಮಾರು 1600 ಮೀಟರ್ ಅಲ್ವಾ, ಉಸಿರಿಗೆ ಸಿಗೋ ಆಕ್ಸಿಜನ್ ಕಮ್ಮಿ, ಅದಕ್ಕೆ ಕಿಡ್ನಿ ಎರಿತ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಜಾಸ್ತಿ ಬಿಡತ್ತೆ, ಮೂಳೆ ಮಜ್ಜೇಲಿ ಕೆಂಪು ಕಣ ಜಾಸ್ತಿ ಆಗತ್ತೆ. ಆದ್ರೆ ಇಷ್ಟು ಎತ್ತರಕ್ಕೆ ಏರೋದು ಚೂರೇ ಚೂರು, ಎಲ್ಲಾನೂ ಅದರ ತಲೆಗೆ ಕಟ್ಬೇಡಿ.

ನೀವು ಆರ್‌ಬಿಸಿ ಒಂದನ್ನೇ ಬರ್ದಿದೀರ, ಅದರ ಕೆಳಗೇ ಹಿಮೋಗ್ಲೋಬಿನ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣ ಶೇಕಡಾ ಎಷ್ಟು ಅಂತ), ಎಂಸಿವಿ (ಒಂದೊಂದು ಕಣದ ಸರಾಸರಿ ಗಾತ್ರ) ಇರತ್ತೆ, ಅದನ್ನ ನೋಡಿ ಮೊದ್ಲು. ಹಿಮೋಗ್ಲೋಬಿನ್ ನಾರ್ಮಲ್ಲೋ ಕಮ್ಮಿನೋ ಇದ್ದು ಎಂಸಿವಿ 65-70 ಅಂತಿದ್ರೆ ಕಣಗಳು ಸಣ್ಣವು, ಲೆಕ್ಕ ಮಾತ್ರ ಜಾಸ್ತಿ, ತಲಸ್ಸೇಮಿಯಾ ಟ್ರೇಟ್ (ತಂದೆ ತಾಯಿಯಿಂದ ಬರೋ ರಕ್ತದ ತೊಂದರೆಯ ಸೌಮ್ಯ ರೂಪ) ಇರ್ಬಹುದು. ಭಾರತದವರಲ್ಲಿ ಇದು ಅಪರೂಪ ಏನಲ್ಲ, ಹುಟ್ಟಿಂದಾನೇ ಇರತ್ತೆ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅನ್ನೋ ಟೆಸ್ಟ್) ನೋಡಿಸ್ದೆ ಐರನ್ ಮಾತ್ರೆ ಮಾತ್ರ ನುಂಗ್ಬೇಡಿ, ಮುಂದೆ ಮಕ್ಕಳು ಬೇಕು ಅಂತಿದ್ರೆ ಗಂಡ ಹೆಂಡ್ತಿ ಇಬ್ರೂ ಟೆಸ್ಟ್ ಮಾಡಿಸ್ಕೊಳ್ಳಿ.

ಹಿಮೋಗ್ಲೋಬಿನ್ನೂ ಮೇಲಿದ್ರೆ, ಅಂದ್ರೆ ಗಂಡಸರಿಗೆ 16.5, ಹೆಂಗಸರಿಗೆ 16 ದಾಟಿದ್ರೆ, ಅದು ಬೇರೆ ಲೆಕ್ಕ. ನೀರು ಸರಿಯಾಗಿ ಕುಡೀದೆ ಹೋಗಿದ್ರೂ ಹಂಗೇ ಕಾಣತ್ತೆ, ಅದಕ್ಕೇ ಸಾಮಾನ್ಯವಾಗಿ ಇನ್ನೊಂದ್ಸಲ ಟೆಸ್ಟ್ ಮಾಡ್ಸಿ ನೋಡ್ತಾರೆ. ಸಿಗರೇಟು ಸೇದ್ತೀರಾ, ಟೆಸ್ಟೋಸ್ಟಿರಾನ್ ಏನಾದ್ರೂ ತಗೋತಿದೀರಾ, ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆ ಇದ್ಯಾ, ಎಲ್ಲಾ ಹೇಳ್ಬಿಡಿ. ಗೊರಕೆ ವಿಷ್ಯ ಮುಚ್ಚಿಡ್ಬೇಡಿ (ನಮ್ಮೋರು ಇದೊಂದನ್ನ ನಕ್ಕು ತಳ್ಳಿಹಾಕ್ತಾರೆ), ನಿದ್ದೇಲಿ ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾನೂ ಇದಕ್ಕೆ ಒಂದು ಕಾರಣ ಆಗ್ಬಹುದು. ಇದ್ಯಾವ್ದೂ ಅಲ್ಲ ಅಂದ್ರೆ ಜಾಕ್2 ಅನ್ನೋ ಜೀನ್ ಟೆಸ್ಟ್ ಬರೀತಾರೆ. ಪಾಲಿಸೈಥೀಮಿಯಾ ವೆರಾ ಅನ್ನೋ ಮಜ್ಜೆ ಕಾಯಿಲೆ ಇರೋರಲ್ಲಿ ಸುಮಾರು 95% ಜನಕ್ಕೆ ಆ ಜೀನ್ ಬದಲಾಗಿರತ್ತೆ. ಬಿಸಿನೀರಿನ ಸ್ನಾನ ಆದ್ಮೇಲೆ ಮೈಯೆಲ್ಲಾ ಕಡಿಯೋದೂ ಅದರದ್ದೊಂದು ಲಕ್ಷಣ. ಆ ಕಾಯಿಲೆ ಅಪರೂಪ, ಔಷಧಿ ಇದೆ, ಆಗಾಗ ರಕ್ತ ತೆಗೆದು ಹೆಮಟೋಕ್ರಿಟ್ 45ರ ಒಳಗೆ ಇಟ್ಟಿರ್ತಾರೆ.

ಇಂಡಿಯಾದಲ್ಲಿ ಮಾಡ್ಸಿದ ಹಳೇ ಸಿಬಿಸಿ (ರಕ್ತಕಣಗಳ ಲೆಕ್ಕದ ಟೆಸ್ಟ್) ರಿಪೋರ್ಟ್ ಇದ್ರೆ ಫೋಟೋ ತೆಗೆದು ಡಾಕ್ಟರ್‌ಗೆ ಮೆಸೇಜ್ ಹಾಕಿ, ಐದು ವರ್ಷದ ಹಿಂದೇನೂ 6.1 ಇತ್ತು ಅಂತಾದ್ರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರೀತು. ಎದೆನೋವು, ಮಾತು ತೊದಲೋದು, ಒಂದೇ ಕಾಲು ಊದೋದು ಇಂಥದ್ದೇನಾದ್ರೂ ಆದ್ರೆ ಮಾತ್ರ ಮೆಸೇಜಿಗೆ ಕಾಯ್ಬೇಡಿ, ಎಮರ್ಜೆನ್ಸಿಗೆ ಹೋಗಿ, ಇಲ್ಲಾ 911 ಒತ್ತಿ.