‘ಬ್ಲೇಟ್’ ಅಚ್ಚಿನ ತಪ್ಪಲ್ಲ, ಸ್ಕಾಟ್ಸ್ ಪದ

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಕವನವನ್ನು ಅನುವಾದಿಸುವಾಗ ಸಿಕ್ಕ ‘ಬ್ಲೇಟ್’ (blate) ನಿಘಂಟಿನಲ್ಲಿಲ್ಲ, ಅದು ‘ಲೇಟ್’ನ (late) ಅಚ್ಚಿನ ತಪ್ಪೇ ಎಂದು ಕೇಳಿದ್ದೀರಿ. ನೀವು ಸಾಮಾನ್ಯ ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿರಬೇಕು, ಅದಕ್ಕೇ ಸಿಕ್ಕಿಲ್ಲ. ಇದು ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ಪದ, ‘ಲೇಟ್’ಗೂ ಇದಕ್ಕೂ ಸಂಬಂಧವಿಲ್ಲ. ಅರ್ಥ: ನಾಚಿಕೆ ಸ್ವಭಾವದ, ಸಂಕೋಚದ.

ಮೊದಲು ಕವನದಲ್ಲಿ ಈ ಪದ ಬರುವ ಸಾಲಿನ ಸಂದರ್ಭ ನೋಡಿ. ಬಡ ರೈತನ ಮಗಳು ಜೆನ್ನಿಯನ್ನು ಮೆಚ್ಚಿದ ಹುಡುಗ ಮನೆಗೆ ಬಂದಿದ್ದಾನೆ. ಅಪ್ಪ ಕುದುರೆ, ನೇಗಿಲು, ದನಗಳ ಮಾತು ತೆಗೆಯುತ್ತಾನೆ. ಹುಡುಗನಿಗೆ ಒಳಗೊಳಗೇ ಖುಷಿ, ಆದರೆ ಹೇಗೆ ನಡೆದುಕೊಳ್ಳಬೇಕೋ ತೋಚುತ್ತಿಲ್ಲ. ಅದೇ ‘ಬ್ಲೇಟ್’. ಎಷ್ಟು ಚೆಂದದ ಗಳಿಗೆ ಅಲ್ವಾ!

ಆಮೇಲೆ ಅದೇ ಸಾಲಿನಲ್ಲಿ ಪಕ್ಕದಲ್ಲಿರುವ ‘ಲೇಥ್‌ಫು’ ಪದ ನೋಡಿ. ಅದೂ ಹಿಂಜರಿಕೆಯೇ. ಎರಡನ್ನೂ ಸೇರಿಸಿ ‘ನಾಚಿ ಮುದುಡಿದ’ ಎಂದು ಅನುವಾದಿಸಬಹುದು. ‘ಅಂಜುಬುರುಕ’ ಬೇಡ, ಇಲ್ಲಿ ಹೆದರಿಕೆ ಜಾಸ್ತಿ ಇಲ್ಲ. ಆದರೆ ‘ಬ್ಲೇಟ್ ಬೆಕ್ಕಿದ್ದರೆ ಇಲಿಗೆ ಸೊಕ್ಕು’ ಎಂಬ ಸ್ಕಾಟ್ಸ್ ಗಾದೆಗೆ ‘ಪುಕ್ಕಲು’ ಸರಿಹೊಂದುತ್ತದೆ.

ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಳೆಯ ಇಂಗ್ಲಿಷಿನ ‘ಬ್ಲಾಟ್’, ಅಂದರೆ ಬಿಳಿಚಿಕೊಂಡ, ಎಂಬುದು ಒಂದು ಊಹೆ. ಉಚ್ಚಾರ ಹೊಂದುತ್ತದೆ: ಹಳೆಯ ಇಂಗ್ಲಿಷಿನ ‘ಆ’ ಸ್ವರ ಇಂದಿನ ಇಂಗ್ಲಿಷಿನಲ್ಲಿ ‘ಓ’, ಸ್ಕಾಟ್ಸ್‌ನಲ್ಲಿ ‘ಏ’ ಆಗುತ್ತದೆ. ಹಾಗಾಗಿ ಇಂಗ್ಲಿಷಿನ ‘ಸ್ಟೋನ್’ ಸ್ಕಾಟ್ಸ್‌ನಲ್ಲಿ ‘ಸ್ಟೇನ್’, ‘ಹೋಮ್’ ‘ಹೇಮ್’. ಆದರೂ ಖಚಿತವಿಲ್ಲದ್ದರಿಂದ ಅನುವಾದದ ಟಿಪ್ಪಣಿಯಲ್ಲಿ ‘ಇರಬಹುದು’ ಎಂದೇ ಬರೆಯಿರಿ.

ಉಳಿದ ಪದಗಳನ್ನು ‘ಡಿಕ್ಷನರೀಸ್ ಆಫ್ ದಿ ಸ್ಕಾಟ್ಸ್ ಲ್ಯಾಂಗ್ವೇಜ್’ನಲ್ಲಿ ಹುಡುಕಿ. ಆನ್‌ಲೈನ್‌ನಲ್ಲಿ ಉಚಿತವಾಗಿದೆ.