ವಾರಕ್ಕೆ ಒಂದೇ ದಿನ ಸಿಗೋದು, ಫೋಟೋಗ್ರಫಿ ಇಂಪ್ರೂವ್ ಆಗತ್ತಾ?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ದಾವಣಗೆರೆಯಲ್ಲಿದ್ದೀರಿ, ಎರಡು ವರ್ಷದ ಹಿಂದೆ 18-55 ಎಂಎಂ ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರೋ ಝೂಮ್ ಲೆನ್ಸ್) ಇರೋ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ತಗೊಂಡ್ರಿ, ಯೂಟ್ಯೂಬಲ್ಲಿ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರೋ ಕಿಂಡಿ), ಶಟರ್ (ಎಷ್ಟು ಹೊತ್ತು ಬೆಳಕು ಬಿಡ್ಬೇಕು ಅನ್ನೋದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಲ್ಲಾ ನೋಡಿ ಅರ್ಥನೂ ಆಗಿದೆ, ಆದ್ರೆ ಫೋಟೋ ಮಾತ್ರ ಮೊದಲನೇ ದಿನ ಹೇಗಿತ್ತೋ ಹಾಗೇ ಇದೆ, ರಜಾ ಸಿಗೋದು ಭಾನುವಾರ ಒಂದೇ, ಇನ್ನೊಂದು ಲೆನ್ಸ್ ತಗೊಂಡ್ರೆ ಸರಿಹೋಗತ್ತಾ ಅಂತ ಕೇಳಿದ್ದೀರಿ. ನಾನು ಮೈಸೂರಿನವನು, ಆಫೀಸ್ ಕೆಲಸ, ನನಗೂ ಕ್ಯಾಮೆರಾ ಹಿಡಿಯೋಕೆ ಸಿಗೋದು ಭಾನುವಾರ ಬೆಳಗ್ಗೆ ಮಾತ್ರ. ಆ ಒಂದು ಬೆಳಗ್ಗೆ ಖಂಡಿತ ಸಾಕು. ಆದ್ರೆ ಪ್ರತಿ ವಾರ ಹೊಸ ಜಾಗ ಹುಡುಕ್ಕೊಂಡು ಹೋಗ್ಬೇಡಿ, ಒಂದೇ ಜಾಗಕ್ಕೆ ಹೋಗಿ, ಒಂದು ವಾರಕ್ಕೆ ಒಂದೇ ಕೆಲಸ ಇಟ್ಕೊಳ್ಳಿ.

ಹೊಸ ಜಾಗಕ್ಕೆ ಹೋದ್ರೆ ಏನಾಗತ್ತೆ ಅಂದ್ರೆ ಕಂಡಿದ್ದೆಲ್ಲಾ ಚೆಂದ ಅನ್ಸತ್ತೆ, ಜಲಪಾತ ಕಂಡ್ರೆ ಜಲಪಾತ, ದೇವಸ್ಥಾನ ಕಂಡ್ರೆ ದೇವಸ್ಥಾನ, ಕಾರ್ಡ್ ತುಂಬತ್ತೆ, ಮನೆಗೆ ಬಂದು ನೋಡಿದ್ರೆ ಎಲ್ಲಾ ಅಲ್ಲಿಗೆ ಹೋಗಿದ್ದಕ್ಕೆ ಸಾಕ್ಷಿ ಥರ ಇರತ್ತೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗ ವಸ್ತು ಹಳೇದಾಗತ್ತೆ, ಆಗ ಕಣ್ಣು ತಾನಾಗೇ ಬೆಳಕಿನ ಕಡೆ ಹೋಗತ್ತೆ. ಕಳೆದ ವಾರ ಈ ಗೋಡೆ ಮೇಲೆ ಬಿಸಿಲಿತ್ತು, ಇವತ್ತು ಮೋಡ, ನೆರಳೇ ಇಲ್ಲ, ಮುಖಗಳು ಎಷ್ಟು ಮೆತ್ತಗೆ ಕಾಣ್ತಿವೆ ಅನ್ನೋದು ಗೊತ್ತಾಗೋದು ಹೋಲಿಸಿ ನೋಡೋಕೆ ಹಳೇದೊಂದು ಇದ್ದಾಗ ಮಾತ್ರ.

ನನ್ನ ಜಾಗ ದೇವರಾಜ ಮಾರ್ಕೆಟ್, ಅದರಲ್ಲೂ ಹೂವಿನ ಸಾಲು. ಅಲ್ಲಿ ಒಂದು ವಾರದ ಕೆಲಸ ಹೇಗಿರತ್ತೆ ಅಂತ ಹೇಳ್ತೀನಿ, ನಿಮಗೆ ಐಡಿಯಾ ಬರತ್ತೆ. ಮಲ್ಲಿಗೆ ರಾಶಿ ತಗೊಳ್ಳಿ. ಕ್ಯಾಮೆರಾನ ಅಪರ್ಚರ್ ಪ್ರಿಯಾರಿಟಿಯಲ್ಲಿಟ್ಟು (ಅಪರ್ಚರ್ ನಾವು ಆರಿಸೋದು, ಶಟರ್ ಕ್ಯಾಮೆರಾನೇ ಆರಿಸೋದು) ಫ್ರೇಮ್ ತುಂಬಾ ಮಲ್ಲಿಗೆ ಬರೋ ಹಾಗೆ ತೆಗೆದ್ರೆ ಹೂ ಬೆಳ್ಳಗೆ ಬರಲ್ಲ, ಮಾಸಿದ ಬಟ್ಟೆ ಬಣ್ಣ ಬರತ್ತೆ. ಯಾಕಂದ್ರೆ ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರ್‌ಗೆ ಎದುರಿಗಿರೋದು ಮಲ್ಲಿಗೆ ಅಂತ ಗೊತ್ತಿಲ್ಲ, ಅದು ಎಲ್ಲವನ್ನೂ ಮಧ್ಯಮ ಬೂದು ಅಂದ್ಕೊಂಡೇ ಲೆಕ್ಕ ಹಾಕೋದು, ಬಿಳಿ ಜಾಸ್ತಿ ಇದ್ರೆ ಬೆಳಕು ಹೆಚ್ಚಾಯ್ತು ಅಂತ ಕಮ್ಮಿ ಮಾಡಿಬಿಡತ್ತೆ. ಅದಕ್ಕೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಮ್ಮಿ ಮಾಡೋ ಬಟನ್) ಒತ್ತಿ ಪ್ಲಸ್ 1 ಕೊಡಬೇಕು. ಇಷ್ಟು ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ, ನೀವೂ ನೋಡಿರ್ತೀರಿ. ಆದ್ರೆ ಭಾನುವಾರ ಪೂರ್ತಿ ಬರೀ ಇದನ್ನೇ ಮಾಡಿ, ಅದೇ ರಾಶಿ ಸೊನ್ನೆಯಲ್ಲಿ ಒಂದು, ಪ್ಲಸ್ 0.7ರಲ್ಲಿ ಒಂದು, 1ರಲ್ಲಿ, 1.7ರಲ್ಲಿ, ಆಮೇಲೆ ಝೂಮ್ ಮಾಡಿ ನೋಡಿ, ಯಾವುದರಲ್ಲಿ ಎಸಳಿನ ಅಂಚು ಇನ್ನೂ ಕಾಣ್ತಿದೆ, ಯಾವುದರಲ್ಲಿ ಎಸಳು ಎಸಳಿಗೆ ವ್ಯತ್ಯಾಸನೇ ಇಲ್ಲದೆ ಬಿಳಿ ಬಟ್ಟೆ ಹಾಸಿದ ಹಾಗಾಗಿದೆ ಅಂತ. ಮುಂದಿನ ವಾರ ಇದನ್ನೇ ಉಲ್ಟಾ ಮಾಡೋಕೆ ನಾನು ಚಾಮುಂಡಿ ಬೆಟ್ಟದ ನಂದಿ ಹತ್ರ ಹೋಗ್ತಿದ್ದೆ, ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿರೋ ಕಲ್ಲು, ಸೊನ್ನೆಯಲ್ಲಿ ತೆಗೆದ್ರೆ ಬೂದಿ ಬಳಿದ ಹಾಗೆ ಬರತ್ತೆ, ಮೈನಸ್ 1ಕ್ಕೆ ಹೋದಾಗಲೇ ಅದು ಆ ಕಪ್ಪು. ಹೀಗೆ ಒಂದೆರಡು ವಾರ ಕೈಯಾರೆ ಮಾಡಿದ ಮೇಲೆ ಬಿಳಿ ಕಂಡ ತಕ್ಷಣ ಹೆಬ್ಬೆರಳು ತಾನಾಗೇ ಡಯಲ್ ಹತ್ರ ಹೋಗತ್ತೆ, ಯೋಚನೆ ಮಾಡೋ ಅಗತ್ಯನೇ ಇರಲ್ಲ.

ನಿಮ್ಮೂರಲ್ಲಿ ಇದಕ್ಕೆ ಮಂಡಕ್ಕಿ ಭಟ್ಟಿಗಿಂತ ಒಳ್ಳೆ ಜಾಗ ಎಲ್ಲಿ ಸಿಗತ್ತೆ ಹೇಳಿ! ಬಿಳಿ ಮಂಡಕ್ಕಿ ರಾಶಿ, ಮಸಿ ಹಿಡಿದ ಗೋಡೆ, ಹೊಗೆ, ಬೆಂಕಿ ಬೆಳಕು, ಕೆಲಸ ಮಾಡೋ ಜನ, ಎಲ್ಲಾ ಒಂದೇ ಕಡೆ. ಮೊದಲು ಮಾಲೀಕರನ್ನ ಕೇಳಿ ಒಳಗೆ ಹೋಗಿ, ಮೊದಲನೇ ವಾರ ಕ್ಯಾಮೆರಾ ಬ್ಯಾಗಲ್ಲೇ ಇದ್ರೂ ಪರವಾಗಿಲ್ಲ, ಸುಮ್ನೆ ಮಾತಾಡಿಸಿ ಬನ್ನಿ. ಇನ್ನೂ ಸಲೀಸಾಗಿ ಬೇಕು ಅಂದ್ರೆ ಕುಂದವಾಡ ಕೆರೆ ಇದೆ, ಬೆಳಗ್ಗೆ ವಾಕಿಂಗ್ ಬರೋರು, ನೀರು, ಹಕ್ಕಿ, ಒಂದು ವರ್ಷಕ್ಕೆ ಸಾಕಾಗೋಷ್ಟಿದೆ.

ಶಟರ್ ಸ್ಪೀಡ್‌ಗೆ ನಾನು ಹೂ ಕಟ್ಟೋರ ಬೆರಳನ್ನೇ ನೋಡ್ತಾ ಕೂತಿದ್ದೆ. 1/500 ಸೆಕೆಂಡಲ್ಲಿ ತೆಗೆದ್ರೆ ಬೆರಳು ಕಲ್ಲಲ್ಲಿ ಕೆತ್ತಿದ ಹಾಗೆ ನಿಂತುಬಿಡತ್ತೆ, ಫೋಟೋ ಶಾರ್ಪ್, ಆದ್ರೆ ಆ ಕೈ ಎಷ್ಟು ಬೇಗ ಓಡತ್ತೆ ಅನ್ನೋದು ನೋಡಿದೋರಿಗೆ ಗೊತ್ತಾಗಲ್ಲ. 1/30ಕ್ಕೆ ಇಳಿಸಿ, ಮೊಣಕೈನ ಪಕ್ಕೆಗೆ ಒತ್ತಿ ಹಿಡ್ಕೊಂಡು ತೆಗೆದ್ರೆ ಬೆರಳು ಮಸುಕು, ಹೂವಿನ ಬುಟ್ಟಿ ನೆಟ್ಟಗೆ, ಅದರಲ್ಲಿ ಜೀವ ಇರತ್ತೆ. ಅಲ್ಲೇ ಕೂತು ನೋಡ್ತಿದ್ರೆ ಇನ್ನೊಂದು ಕಾಣತ್ತೆ, ನಾರು ಸುತ್ತಿ ಗಂಟು ಬಿಗಿಯೋ ಹೊತ್ತಿಗೆ ಕೈ ಅರೆಗಳಿಗೆ ನಿಲ್ಲತ್ತೆ. ಕ್ಲಿಕ್ ಮಾಡ್ಬೇಕಾದ್ದು ಅಲ್ಲಿ. ಇದನ್ನ ಯಾವ ಸೆಟ್ಟಿಂಗೂ ಹೇಳ್ಕೊಡಲ್ಲ, ವಾರ ವಾರ ಹೋಗಿ ಅದೇ ಕೈ ನೋಡಿದ್ರೇನೇ ಕಾಣೋದು.

ಲೆನ್ಸ್ ವಿಷಯ. ಈಗ ತಗೋಬೇಡಿ. ಇರೋ ಝೂಮ್‌ನ 35 ಎಂಎಂನಲ್ಲಿಟ್ಟು ಒಂದು ಚೂರು ಟೇಪ್ ಅಂಟಿಸಿ, ಒಂದು ತಿಂಗಳು ತೆಗೀಬೇಡಿ. ನಿಮ್ಮ ಕ್ರಾಪ್ ಸೆನ್ಸರ್‌ನಲ್ಲಿ (ಫಿಲ್ಮ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) 35 ಅಂದ್ರೆ ಫಿಲ್ಮ್ ಕಾಲದ 50 ಎಂಎಂ ಲೆನ್ಸ್‌ನ ನೋಟಕ್ಕೆ ಹತ್ರಹತ್ರ, ಝೂಮ್ ತಿರುಗಿಸೋಕೆ ಆಗಲ್ಲ ಅಂದಾಗ ಕಾಲು ಓಡಾಡೋಕೆ ಶುರು ಮಾಡತ್ತೆ, ಎರಡು ಹೆಜ್ಜೆ ಮುಂದೆ, ಸ್ವಲ್ಪ ಬಗ್ಗಿ, ಹಿಂದಿರೋ ಸ್ಕೂಟರ್ ಮರೆಯಾಗೋ ಹಾಗೆ ಒಂದು ಹೆಜ್ಜೆ ಎಡಕ್ಕೆ. ಫೋಟೋದಲ್ಲಿ ಹತ್ರದ ವಸ್ತುಗೂ ದೂರದ ವಸ್ತುಗೂ ಇರೋ ಸಂಬಂಧ ಬದಲಾಗೋದು ನಿಂತಿರೋ ಜಾಗ ಬದಲಾದಾಗ, ಝೂಮ್ ತಿರುಗಿಸಿದಾಗ ಅಲ್ಲ. ಕೆಲವು ತಿಂಗಳಾದ್ಮೇಲೂ ಭಟ್ಟಿಯಂಥ ಕತ್ತಲೆ ಜಾಗದಲ್ಲಿ ಐಎಸ್‌ಒ 6400ಕ್ಕೆ ಹೋಗಿ ಹೋಗಿ ಫೋಟೋ ಮರಳುಮರಳಾಗ್ತಿದ್ರೆ ಆಗ 35 ಎಂಎಂ ಎಫ್/1.8 ತಗೊಳ್ಳಿ. ಕಿಟ್ ಲೆನ್ಸ್ 35ರಲ್ಲಿ ಹೆಚ್ಚಂದ್ರೆ ಸುಮಾರು ಎಫ್/4.5 ತೆರೆಯತ್ತೆ (ಈ ಅಂಕಿ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು), 1.8 ಅಂದ್ರೆ ಆರು ಪಟ್ಟು ಬೆಳಕು, 6400 ಇದ್ದಿದ್ದು 1000ಕ್ಕೆ ಇಳಿಯತ್ತೆ. ಅದು ಕಾರಣ ಇಟ್ಕೊಂಡು ತಗೊಳ್ಳೋ ಲೆನ್ಸ್.

ಇನ್ನು ಎಷ್ಟು ತೆಗೀಬೇಕು ಅನ್ನೋದು. ಒಂದು ಬೆಳಗ್ಗೆಗೆ 36, ಹಳೇ ಫಿಲ್ಮ್ ರೋಲ್‌ನಲ್ಲಿ ಇದ್ದಷ್ಟು. 36 ಮುಗೀತಾ, ಕ್ಯಾಮೆರಾ ಒಳಗಿಟ್ಟು ಟೀ ಕುಡಿದು ಮನೆಗೆ ಬನ್ನಿ.

ಈಗ ಹೇಳೋದನ್ನ ದಯವಿಟ್ಟು ಬಿಡಬೇಡಿ, ಹೊರಗಡೆ ತೆಗೆಯೋದಕ್ಕಿಂತ ಹೆಚ್ಚು ಕಲಿಯೋದು ಇಲ್ಲಿ. ಭಾನುವಾರ ತೆಗೆದಿದ್ದನ್ನ ಭಾನುವಾರ ಸಂಜೆ ನೋಡ್ಬೇಡಿ. ಬುಧವಾರದ ತನಕ ಬಿಡಿ. ಅವತ್ತೇ ನೋಡಿದ್ರೆ ಬಿಸಿಲಲ್ಲಿ ಕಾದಿದ್ದು, ನೆಲದ ಮೇಲೆ ಮಲಗಿ ತೆಗೆದಿದ್ದು ಎಲ್ಲಾ ಮನಸ್ಸಲ್ಲಿರತ್ತೆ, ಕಷ್ಟಪಟ್ಟು ತೆಗೆದಿದ್ದೆಲ್ಲಾ ಚೆನ್ನಾಗಿದೆ ಅನ್ಸತ್ತೆ. ಬುಧವಾರದ ಹೊತ್ತಿಗೆ ಅದು ಇಳಿದಿರತ್ತೆ, ಬೇರೆಯವರು ತೆಗೆದಿದ್ದನ್ನ ನೋಡೋ ಹಾಗೆ ನೋಡ್ಬಹುದು. ಒಂದೇ ಒಂದು ಆರಿಸಿ, ನೋಟ್‌ಬುಕ್ಕಲ್ಲಿ ಎರಡು ಸಾಲು ಬರೀರಿ, ಯಾಕೆ ಇದು, ಇದರಲ್ಲಿ ಏನು ಇಲ್ಲದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಎರಡನೇ ಸಾಲಲ್ಲಿ ಬರೆದಿದ್ದೇ ಮುಂದಿನ ಭಾನುವಾರದ ಕೆಲಸ. ಉದಾಹರಣೆಗೆ ಮೂಲೆಯಲ್ಲಿ ಪ್ಲಾಸ್ಟಿಕ್ ಕವರ್, ಬಲಗಡೆ ಅರ್ಧ ಕತ್ತರಿಸಿದ ಮನುಷ್ಯ ಅಂತ ಬರೆದ್ರಿ ಅಂದ್ಕೊಳ್ಳಿ, ಮುಂದಿನ ವಾರ ಪೂರ್ತಿ ಕ್ಲಿಕ್ ಮಾಡೋಕೆ ಮುಂಚೆ ನಾಲ್ಕೂ ಅಂಚು ಒಂದು ಸುತ್ತು ನೋಡೋದಷ್ಟೇ ಅಭ್ಯಾಸ. ಮೂರು ತಿಂಗಳಿಗೊಮ್ಮೆ ಹೀಗೆ ಆರಿಸಿದ್ದನ್ನೆಲ್ಲಾ ಸ್ಟುಡಿಯೋದಲ್ಲಿ 4x6 ಇಂಚು ಸೈಜ್ ಪ್ರಿಂಟ್ ಹಾಕ್ಸಿ ನೆಲದ ಮೇಲೆ ಹರಡಿ, ಮೊಬೈಲ್ ಸ್ಕ್ರೀನಲ್ಲಿ ಕಾಣದೇ ಇರೋದೆಲ್ಲಾ ಅಲ್ಲಿ ಕಾಣತ್ತೆ.

ಪ್ರಿಂಟಿಗೆ ಇನ್ನೊಂದು ಉಪಯೋಗ ಇದೆ. ಯಾರ ಫೋಟೋ ತೆಗೆದಿರ್ತೀರೋ ಅವರಿಗೆ ಒಂದು ಕಾಪಿ ಕೊಡಿ. ಹೂವಿನ ಅಂಗಡಿಯ ಒಬ್ಬರು ಅಮ್ಮನಿಗೆ ಅವರ ಕೈ ಹೂ ಕಟ್ತಿರೋ ಫೋಟೋ ಕೊಟ್ಟಾಗ ಅವರು ತಿರುಗಿಸಿ ತಿರುಗಿಸಿ ನೋಡಿ, "ಕೈ ಚೆನ್ನಾಗ್ ಬಂದೈತೆ ಕಣಪ್ಪ, ಇದು ನಾನೇ ಅಂತ ನಮ್ಮನೇಲಿ ಹೆಂಗ್ ಗೊತ್ತಾಗ್ಬೇಕು?" ಅಂದ್ರು. ನೂರು ಲೈಕಿಗಿಂತ ದೊಡ್ಡ ಮಾತು ಅದು. ಅಲ್ಲಿಂದ ಮುಂದೆ ಕೈ ಮುಖ ಎರಡೂ ಒಂದೇ ಫ್ರೇಮಲ್ಲಿ ತರೋದು ಹೇಗೆ ಅನ್ನೋದೇ ಎಷ್ಟೋ ವಾರದ ಕೆಲಸ ಆಯ್ತು ನನಗೆ, ತಗ್ಗಿ ಕೂತು ಬುಟ್ಟಿ ಮಟ್ಟದಿಂದ ಮೇಲೆ ನೋಡೋ ಹಾಗೆ ತೆಗೆದಾಗ ಸಿಕ್ತು. ಈಗ ನಾನು ಆ ಸಾಲಲ್ಲಿ ಕೂತಿದ್ರೆ ಯಾರೂ ಕ್ಯಾಮೆರಾ ಕಡೆ ನೋಡೋದೂ ಇಲ್ಲ.

ದಿನಾ ಕಾಣೋ ಜನದಲ್ಲಿ ಏನು ಫೋಟೋ ಅಂತ ಅನ್ಸಿದ್ರೆ ನಮ್ಮ ಮೈಸೂರಿನ ಫೋಟೋ ಜರ್ನಲಿಸ್ಟ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನ ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಬಂದಿತ್ತು ಅವರಿಗೆ, 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಆದ್ವು. ಸಾಮಾನ್ಯ ಜನ, ಸಾಮಾನ್ಯ ದಿನ. ಒಂದೊಂದು ಚಿತ್ರದ ಮುಂದೆ ಐದು ನಿಮಿಷ ಕೂತು ಬೆಳಕು ಎಲ್ಲಿಂದ ಬರ್ತಿದೆ, ಅವರು ಎಷ್ಟು ಎತ್ತರದಲ್ಲಿ ನಿಂತಿದ್ದಿರಬೇಕು ಅಂತ ಲೆಕ್ಕ ಹಾಕಿ, ಅದೂ ಅಭ್ಯಾಸನೇ.

ಮಳೆ ಬಂದು ಹೊರಗೆ ಹೋಗೋಕಾಗದ ವಾರ ಬಿಟ್ಟುಬಿಡ್ಬೇಡಿ. ಕಿಟಕಿ ಪಕ್ಕ ಒಂದು ಸ್ಟೂಲ್ ಹಾಕಿ ನಾಲ್ಕು ಬದನೆಕಾಯಿ ಇಡಿ, ಮನೆ ಲೈಟೆಲ್ಲಾ ಆರಿಸಿ. ಒಂದು ಪಕ್ಕದಿಂದ ಮಾತ್ರ ಬೆಳಕು ಬಿದ್ದು ಇನ್ನೊಂದು ಪಕ್ಕ ಪೂರ್ತಿ ಕತ್ತಲಾಗತ್ತೆ, ಆ ಕಡೆ ಒಂದು ಬಿಳಿ ಹಾಳೆ ನಿಲ್ಲಿಸಿ, ಹತ್ರ ತನ್ನಿ, ದೂರ ಸರಿಸಿ, ನೆರಳು ಹೇಗೆ ತಿಳಿಯಾಗತ್ತೆ ನೋಡಿ. ಬದನೆಕಾಯಿ ಆದ್ಮೇಲೆ ಅದೇ ಜಾಗದಲ್ಲಿ ಮನೆಯವರನ್ನ ಕೂರಿಸಿ.